ಹಂಚಿನ ಕಾರ್ಖಾನೆಯ ಹಿತ್ತಾಳೆ ಕೂಗು

ನಾನು ಹಿತ್ತಾಳೆಯ ಒಂದು ಸೀಟಿ. ಪೊಲೀಸರು ಬಾಯಿಗಿಟ್ಟು ಊದುವ ಜಾತಿಯದಲ್ಲ. ನನ್ನನ್ನು ಬಾಯ್ಲರಿನ ಉಗಿಯೇ ಊದಬೇಕು. ಊದಿದರೆ ನೇತ್ರಾವತಿಯ ಈ ದಡದಿಂದ ಆ ದಡಕ್ಕೆ ಕೇಳಬೇಕು. ಅಷ್ಟು ದೊಡ್ಡ ಬಾಯಿ ಇದ್ದರೂ ಹುಟ್ಟಿದ ದಿನದಿಂದ ಒಂದು ಸಣ್ಣ ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಕೂಗುವುದು ನಾನೋ, ಉಗಿಯೋ?

ಹುಟ್ಟಿದ್ದು ಮಂಗಳೂರಿನ ಒಂದು ಎರಕದ ಶಾಲೆಯಲ್ಲಿ. ಅಲ್ಲಿಯ ಹಸನಬ್ಬ ಮೇಸ್ತ್ರಿ ಕರಗಿದ ತಾಮ್ರಕ್ಕೆ ಸತುವಿನ ತುಂಡು ಹಾಕಿದಾಗ ಬೆಳ್ಳನೆಯ ಹೊಗೆ ಎದ್ದಿತು. ಆ ಹೊಗೆ ಕುಡಿದ ದಿನ ಜ್ವರ ಬರುತ್ತದೆಂದು ಅವರು ಒಂದು ಚೆಂಬು ಹಾಲು ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ನನ್ನ ಹೆಸರಿನಲ್ಲಿ ಭೂಮಿಯ ಮೇಲೆ ನಡೆದ ಮೊದಲ ಸಂತರ್ಪಣೆ ಅದೇ.

ಅದೇ ದಿನ ಪಕ್ಕದ ಗುಂಡಿಯಲ್ಲಿ ಗುಡ್ಡದ ಮೇಲಿನ ಇಗರ್ಜಿಗೆಂದು, ಅಂದರೆ ಚರ್ಚಿಗೆಂದು, ಒಂದು ಗಂಟೆಯೂ ಎರಕವಾಯಿತು. ಅದಕ್ಕೆ ತಾಮ್ರದ ಜತೆ ಸತುವಲ್ಲ, ತವರ. ತಣಿದ ಮೇಲೆ ಮೇಸ್ತ್ರಿ ಅದನ್ನು ಒಂದು ಪೆಟ್ಟು ಹೊಡೆದರು. ಆಹಾ, ಎಂಥ ನಾದ! ನನ್ನನ್ನೂ ಹೊಡೆಯುತ್ತಾರೆಂದು ಕಾದೆ. ಹೊಡೆಯಲಿಲ್ಲ.

ಕೆಲಸದವನೊಬ್ಬ ಕೇಳಿದ, "ಹಿತ್ತಾಳೆಯಲ್ಲಿ ಗಂಟೆ ಮಾಡ್ಲಿಕ್ಕೆ ಆಗುದಿಲ್ವಾ ಮೇಸ್ತ್ರಿ?"

"ಆಗ್ತದೆ. ತಪ್ಪಲೆ ಬಡಿದ ಹಾಗೆ ಕೇಳ್ತದೆ. ಹಿತ್ತಾಳೆಯನ್ನು ಉಗಿಯ ಕೆಲಸಕ್ಕೆ ಹಾಕು. ತುಕ್ಕು ಹಿಡಿಯುದಿಲ್ಲ, ಅರಕ್ಕೆ ಬಗ್ಗುತ್ತದೆ, ಹೇಳಿದ ಮಾತು ಕೇಳ್ತದೆ."

ಜನ ಚಾಡಿಮಾತು ನಂಬುವವನನ್ನು ಹಿತ್ತಾಳೆ ಕಿವಿಯವನು ಎಂದು ಬೈಯುವುದು ಇದಕ್ಕೇ ಇರಬೇಕು. ನಮಗೆ ಅದರಿಂದ ಬೇಸರವಾಗುತ್ತದೆಂದು ಯಾರೂ ಯೋಚಿಸುವುದಿಲ್ಲ.

ನನ್ನ ಮೈ ಬಹಳ ಸರಳ. ಕೆಳಗೊಂದು ಬಟ್ಟಲು, ಅದರ ಮೇಲೆ ಕವಿಚಿದ ಲೋಟ, ನಡುವೆ ಒಂದಿಷ್ಟು ಜಾಗ. ಬಟ್ಟಲಿನ ಅಂಚಿನಿಂದ ಉಗಿ ತೆಳ್ಳಗೆ ಚಿಮ್ಮಿ ಲೋಟದ ಹರಿತವಾದ ತುಟಿಗೆ ಬಡಿದರೆ ಕೂಗು ಬರುತ್ತದೆ. ನನ್ನನ್ನು ನದಿ ದಡದ ಹಂಚಿನ ಕಾರ್ಖಾನೆಯ ಬಾಯ್ಲರಿನ ನೆತ್ತಿಯ ಮೇಲೆ ಕೂರಿಸಿದರು. ಆ ಬಾಯ್ಲರಿನ ಉಗಿಯಿಂದಲೇ ಜೇಡಿಮಣ್ಣು ಕಲಸುವ ಯಂತ್ರ ತಿರುಗುತ್ತಿತ್ತು, ಹಂಚು ಒತ್ತುವ ಪ್ರೆಸ್ಸು ಏಳುತ್ತಿತ್ತು, ಬೀಳುತ್ತಿತ್ತು. ಅಲ್ಲಿಯೂ ಎಲ್ಲೆಲ್ಲೂ ನಮ್ಮವರೇ. ನೀರಿನ ಮಟ್ಟ ತೋರಿಸುವ ನಲ್ಲಿ ಹಿತ್ತಾಳೆ, ಒತ್ತಡ ತೋರಿಸುವ ಗಡಿಯಾರದ ಚೌಕಟ್ಟು ಹಿತ್ತಾಳೆ. ಆದರೆ ಊರಿಗೆ ಗೊತ್ತಿದ್ದದ್ದು ನಾನೊಬ್ಬನೇ. ಬೆಳಿಗ್ಗೆ ಏಳೂವರೆಗೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ ಕೂಗುತ್ತಿದ್ದೆ. ಪ್ರತಿ ಸಲ ಎಂಟು ಎಣಿಸುವಷ್ಟು ಹೊತ್ತು. ನನ್ನನ್ನು ಕೇಳಿ ಊರಿನವರು ಗಂಜಿಗೆ ನೀರಿಡುತ್ತಿದ್ದರು.

ಸರಪಳಿ ಎಳೆದು ನನ್ನನ್ನು ಕೂಗಿಸುತ್ತಿದ್ದವನು ಬಾಯ್ಲರಿನ ಐತಪ್ಪ. ಎಷ್ಟೋ ವರ್ಷ ಉಗಿಯ ಸದ್ದಿನಲ್ಲಿ ನಿಂತು ಅವನ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಹೋಗುವ ದಾರಿಯಲ್ಲಿತ್ತು. ಆಯುಧಪೂಜೆಯ ದಿನ ಬಾಯ್ಲರಿಗೆ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದ. ನನಗೆ ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬಂಗಾರ ಮಾಡುತ್ತಿದ್ದ. ಅವನ ಅಂಗೈಯಷ್ಟು ಒರಟಾದ, ಅಷ್ಟು ಮೆತ್ತನೆಯ ವಸ್ತುವನ್ನು ನಾನು ಬೇರೆ ಕಂಡಿಲ್ಲ.

ಅವನ ಜೀವದ ಗೆಳೆಯ ಬಸ್ತ್ಯಾಂವ್. ಪ್ರೆಸ್ಸಿನಿಂದ ಹಸಿ ಹಂಚು ಎತ್ತಿಡುವುದು ಅವನ ಕೆಲಸ. ಮದುವೆ, ಹಬ್ಬ ಬಂದರೆ ಅವನೇ ಏಳು ಜನರ ಬ್ಯಾಂಡಿನ ಯಜಮಾನ. ಕಾರ್ನೆಟ್ ಎಂಬ ಹಿತ್ತಾಳೆಯ ತುತ್ತೂರಿ ಊದುತ್ತಿದ್ದ. ಮಧ್ಯಾಹ್ನ ಇಬ್ಬರೂ ಬಾಯ್ಲರಿನ ಬಾಗಿಲ ಮುಂದೆ ಕೂತು, ಸಲಿಕೆಯ ಮೇಲೆ ಒಣಮೀನು ಸುಟ್ಟುಕೊಂಡು ಗಂಜಿ ಉಣ್ಣುತ್ತಿದ್ದರು.

"ಪೊರ್ಬುಳೇ," ಎನ್ನುತ್ತಿದ್ದ ಐತಪ್ಪ. ನಮ್ಮ ಕಡೆ ತುಳುವರು ಕ್ರಿಸ್ತುವರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. "ನಿಮ್ಮ ತುತ್ತೂರಿ, ನನ್ನ ಕೂಗು, ಎರಡೂ ಅಣ್ಣತಮ್ಮ ಅಲ್ವಾ? ಒಂದೇ ಹಿತ್ತಾಳೆ."

"ಹೌದು ಮಾರಾಯ. ನಿನ್ನದನ್ನು ಊದುವವನಿಗೆ ದಮ್ಮು ಕಟ್ಟುದಿಲ್ಲ. ಅಷ್ಟೇ ವ್ಯತ್ಯಾಸ."

ಈ ಬಸ್ತ್ಯಾಂವನಿಗೆ ಚುರುಕಾದ ಕಿವಿ. ಒಮ್ಮೆ ಇಗರ್ಜಿಯಲ್ಲಿ ಹಾರ್ಮೋನಿಯಂ ನುಡಿಯುತ್ತಿದ್ದಾಗಲೇ ನಾನು ಹನ್ನೆರಡರ ಕೂಗು ಹಾಕಿದೆ. ಹಾರ್ಮೋನಿಯಂನ ಒಂದು ಬಿಳಿ ಮನೆಯ ಸ್ವರವೂ ನನ್ನ ಕೂಗೂ ಒಂದೇ ಎಂದು ಅವನು ಅಲ್ಲೇ ಕಂಡುಹಿಡಿದ. ಅಂದಿನಿಂದ ಬ್ಯಾಂಡಿನ ಏಳೂ ಜನ ವಾದ್ಯ ಹಿಡಿದು ಅವನ ಅಂಗಳದಲ್ಲಿ ಸಾಲಾಗಿ ನಿಲ್ಲುವುದು, ನಾನು ಕೂಗಿದ ಕೂಡಲೇ ಅವಸರವಸರವಾಗಿ ಕೊಳವೆ ಎಳೆದು, ನೂಕಿ, ನನಗೆ ಶ್ರುತಿ ಕೂಡಿಸುವುದು ಪದ್ಧತಿಯಾಯಿತು. ನನಗೆ ಬಂದ ಜಂಬ ಅಷ್ಟಿಷ್ಟಲ್ಲ. ಗುಡ್ಡದ ಮೇಲಿನ ಗಂಟೆಗೆ ಯಾರು ಶ್ರುತಿ ಕೂಡಿಸುತ್ತಾರೆ, ಹೇಳಿ?

ಬಸ್ತ್ಯಾಂವನಿಗೆ ಒಂದೇ ಆಸೆ. ಹಿರಿಮಗಳು ಕಾರ್ಮಿನಳ ಮದುವೆಯಲ್ಲಿ ತನ್ನ ಬ್ಯಾಂಡು ಇಗರ್ಜಿಯ ಒಳಗೆ, ಹಾರ್ಮೋನಿಯಂ ಜತೆಗೆ ನುಡಿಯಬೇಕು. ಗಾಯನ ಮಂಡಳಿಯ ಗ್ರೆಗರಿ ಮಾಸ್ಟರು ಬಿಡುವವರಲ್ಲ. "ಬ್ಯಾಂಡು ರಸ್ತೆಗೆ, ಹಾರ್ಮೋನಿಯಂ ಇಗರ್ಜಿಗೆ" ಎಂಬುದು ಅವರ ವೇದವಾಕ್ಯ. ಕಾರ್ಮಿನ್ ಅದೇ ಮಂಡಳಿಯಲ್ಲಿ ಹಾಡುವವಳು. ಆರು ತಿಂಗಳು ಬೆನ್ನು ಹತ್ತಿ ಒಪ್ಪಿಸಿದಳು.

ಮದುವೆಯ ಬೆಳಿಗ್ಗೆ ಬ್ಯಾಂಡಿನವರು ಏಳೂವರೆಯ ಕೂಗಿಗೆ ಕಾದು ನಿಂತಿದ್ದರು. ಐತಪ್ಪನಿಗೆ ಸಂಭ್ರಮ. ಗೆಳೆಯನ ಮಗಳ ಮದುವೆಗೆ ತಾನು ಕೊಡಬಹುದಾದ ಉಡುಗೊರೆ ಇನ್ನೇನಿದೆ? ಸರಪಳಿ ಹಿಡಿದು ಎಳೆದವನು ಬಿಡಲೇ ಇಲ್ಲ. ಎಂಟು ಎಣಿಕೆಯಲ್ಲ, ಪೂರಾ ಒಂದು ನಿಮಿಷ! ನನಗೂ ಖುಷಿಯೋ ಖುಷಿ, ಗಂಟಲು ಹರಿಯುವಂತೆ ಕೂಗಿದೆ. ಅಂಗಳದಲ್ಲಿ ನಿಂತವರು ಎಂದೂ ಸಿಗದ ಪುರುಸೊತ್ತು ಸಿಕ್ಕಿತೆಂದು ನಿಧಾನವಾಗಿ, ನನ್ನ ಕೊನೆಯ ಉಸಿರಿನವರೆಗೂ ಕೇಳಿ ಕೇಳಿ ಶ್ರುತಿ ಕೂಡಿಸಿಕೊಂಡರು.

ಮುಂದೆ ಆದದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ. ಬಾಯ್ಲರ್ ಮನೆಗೆ ಬಂದುಹೋದವರ ಬಾಯಿಂದ ಕೇಳಿದೆ. ಕಾರ್ಮಿನ್ ಇಗರ್ಜಿಯ ಬಾಗಿಲು ದಾಟಿ ಒಳಗೆ ಕಾಲಿಟ್ಟಳು. ಹಾರ್ಮೋನಿಯಂ ಎತ್ತಿಕೊಂಡಿತು, ಬ್ಯಾಂಡು ಎತ್ತಿಕೊಂಡಿತು. ಎರಡೂ ಬೆಕ್ಕು ನಾಯಿಯಂತೆ ಕಚ್ಚಾಡಿದವು. ಏಳೂ ಹಿತ್ತಾಳೆ ಒಂದು ಶ್ರುತಿಯಲ್ಲಿ, ಹಾರ್ಮೋನಿಯಂ ಅದಕ್ಕಿಂತ ಕೂದಲೆಳೆ ಮೇಲೆ. ಮುಂದಿನ ಬೆಂಚಿನ ಮಕ್ಕಳು ಕಿವಿ ಮುಚ್ಚಿಕೊಂಡರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗ್ರೆಗರಿ ಮಾಸ್ಟರು ಒಂದು ಕೈ ಎತ್ತಿ ಸಾಕು ಎಂದರು. ಬಸ್ತ್ಯಾಂವ್ ಕಾರ್ನೆಟ್ ಕೆಳಗಿಳಿಸಿದ. ಮಗಳು ಉಳಿದ ಅರ್ಧ ದಾರಿಯನ್ನು ಬರೀ ಹಾರ್ಮೋನಿಯಂಗೆ ನಡೆದಳು.

ಮರುದಿನ ಅವನು ಬಾಯ್ಲರ್ ಮನೆಗೆ ಬಂದ. ಕೈಯಲ್ಲಿ ಗಂಜಿಯ ಡಬ್ಬಿ ಇರಲಿಲ್ಲ.

"ಹತ್ತು ವರ್ಷ ಈ ಕೂಗನ್ನು ನಂಬಿದೆ. ಮಗಳ ಮದುವೆಯ ದಿನವೇ ಕೈ ಕೊಟ್ಟಿತು. ಎಂತ ಮಾಡಿದೆ ನೀನು ಅದಕ್ಕೆ?"

"ನಾನೆಂತ ಮಾಡ್ಲಿ ಪೊರ್ಬುಳೇ? ಪ್ರೀತಿಯಲ್ಲಿ ಸ್ವಲ್ಪ ಉದ್ದ ಕೂಗಿಸಿದೆ. ಸ್ವರ ಸರಿಯೇ ಇತ್ತು."

"ನಿನಗೆ ಕಿವಿಯೇ ಕೇಳುದಿಲ್ಲ! ಕಿವುಡನಿಗೆ ಸ್ವರದ ವಿಷಯ ಎಂತ ಗೊತ್ತು?"

ಆ ಮಾತು ಮಾತ್ರ ಐತಪ್ಪನಿಗೆ ಚೆನ್ನಾಗಿ ಕೇಳಿಸಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಬಸ್ತ್ಯಾಂವ್ ಕಾರ್ನೆಟ್ಟನ್ನು ಹಳೇ ಸೀರೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದನಂತೆ. ನನಗೋ ತಲೆ ಕೆಟ್ಟುಹೋಯಿತು. ಅದೇ ಬಟ್ಟಲು, ಅದೇ ಲೋಟ, ಅದೇ ತುಟಿ. ಸ್ವರ ತಪ್ಪಿದ್ದು ಹೇಗೆ?

ಉತ್ತರ ಸಿಕ್ಕಿದ್ದು ಏಳು ವರ್ಷದ ಮೇಲೆ. ಗ್ರೆಗರಿ ಮಾಸ್ಟರು ತೀರಿಕೊಂಡು, ಇಗರ್ಜಿಯ ಹಾರ್ಮೋನಿಯಂ ಕಾರ್ಮಿನಳ ಕೈಗೆ ಬಂದಿತ್ತು. ಅಪ್ಪನ ಕಿವಿ ಅವಳಿಗೆ ಬಳುವಳಿ. ಮದುವೆಯ ದಿನ ಕೈ ಕೊಟ್ಟದ್ದು ಆ ಉದ್ದ ಕೂಗೇ ಇರಬೇಕೆಂಬ ಅನುಮಾನ ಹೊತ್ತು ಒಂದು ಮಧ್ಯಾಹ್ನ ನೇರ ಬಾಯ್ಲರ್ ಮನೆಗೇ ಬಂದಳು.

"ಐತಪ್ಪ ಮಾಮ, ಇವತ್ತು ಕೂಗನ್ನು ಉದ್ದ ಎಳೀರಿ. ಆ ದಿನ ಎಳೆದ ಹಾಗೆ!" ಎಂದು ಅವನ ಕಿವಿಯ ಹತ್ತಿರ ಕೂಗಿದಳು.

ಐತಪ್ಪ ಎಳೆದ. ಅವಳು ನನ್ನ ಸ್ವರವನ್ನು ಬಾಯಲ್ಲಿ ಹಿಡಿದು ಗುನುಗುತ್ತಾ, ಒತ್ತಡದ ಗಡಿಯಾರದ ಮುಳ್ಳನ್ನೇ ನೋಡುತ್ತಾ ನಿಂತಳು. ಕೂಗು ಉದ್ದವಾದಂತೆ ಉಗಿ ಖರ್ಚಾಗಿ ಮುಳ್ಳು ಇಳಿಯಿತು. ಮುಳ್ಳು ಇಳಿದಂತೆ ನನ್ನ ಸ್ವರವೂ ಒಂದಿಷ್ಟು ಇಳಿಯಿತು! ಇಷ್ಟು ವರ್ಷ ಕೂಗಿದ ನನಗೇ ಅದು ಗೊತ್ತಿರಲಿಲ್ಲ. ಮದುವೆಯ ದಿನ ಬ್ಯಾಂಡಿನವರು ಕೂಡಿಸಿಕೊಂಡದ್ದು ನನ್ನ ಕೂಗಿನ ಸೋತ ಬಾಲಕ್ಕೆ.

ಕಾರ್ಮಿನ್ ತವರಿಗೆ ಹೋಗಿ ಅಪ್ಪನಿಗೆ ಹೇಳಿದಳು. ಬಸ್ತ್ಯಾಂವ್, "ಸ್ವರ ತಪ್ಪಿದ್ದು ಉಗಿಯಿಂದ. ಆದರೆ ಆ ಮಾತು ಬಂದದ್ದು ನನ್ನ ಬಾಯಿಂದ. ಈಗ ಯಾವ ಮುಖ ಹೊತ್ತು ಅವನ ಹತ್ತಿರ ಹೋಗುದು?" ಎಂದನಂತೆ. ಹೋಗಲೂ ಇಲ್ಲ.

ಅಷ್ಟರಲ್ಲಿ ಊರೆಲ್ಲ ಕಾಂಕ್ರೀಟಿನ ತಾರಸಿ ಮನೆಗಳಾದವು, ಹಂಚು ಕೇಳುವವರಿಲ್ಲದೆ ಕಾರ್ಖಾನೆ ಮುಚ್ಚಿತು. ಗುಜರಿಯವರು ಬಾಯ್ಲರಿಗೆ ಸುತ್ತಿಗೆ ಹಾಕುವ ಮೊದಲು ಐತಪ್ಪ ಮ್ಯಾನೇಜರರ ಅಪ್ಪಣೆ ಕೇಳಿ ನನ್ನನ್ನು ಬಿಚ್ಚಿಕೊಂಡ. ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ಎದೆಗವಚಿಕೊಂಡು ಎಲ್ಲಿಗೆ ಹೊರಟನೆಂದು ತಿಳಿಯದೆ ನಾನು ಗಾಬರಿಯಾದೆ. ಬಸ್ತ್ಯಾಂವನ ಜಗಲಿಗೆ ಬಂದು ನಿಂತ. ಎರಡೂ ಕಿವಿ ಹೋದ ಮೇಲೆ ಅವನ ಮಾತೇ ಕೂಗಾಗಿತ್ತು.

"ಪೊರ್ಬುಳೇ, ಇದರಿಂದ ನಿಮಗೆ ಅವಮಾನ ಆಯ್ತು. ಒಡೆಯುದಾದ್ರೆ ನೀವೇ ಒಡೆಯಿರಿ. ಗುಜರಿಯವನ ಕೈಯಲ್ಲಿ ಸಾಯುದು ಬೇಡ."

ಬಸ್ತ್ಯಾಂವ್ ನನ್ನನ್ನು ತೊಡೆಯ ಮೇಲಿಟ್ಟುಕೊಂಡ. ಒಳಗೆ ಕಿರಿಮಗಳು ನತಾಲಿನಳ ಮದುವೆಯ ಸಿದ್ಧತೆ ನಡೆದಿತ್ತು. ಅಪ್ಪ ಊದದಿದ್ದರೆ ನನ್ನ ಮದುವೆಗೆ ಬ್ಯಾಂಡೇ ಬೇಡ ಎಂದು ಅವಳು ಹಟ ಹಿಡಿದು ವಾರವಾಗಿತ್ತು. ಮದುವೆಗೆಂದು ಬಂದಿದ್ದ ಕಾರ್ಮಿನ್ ಹೊರಗೆ ಬಂದು ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದಳು. ನನ್ನ ಲೋಟವನ್ನು ಮಾತ್ರ ಬಿಚ್ಚಿ, ಹಗ್ಗ ಕಟ್ಟಿ, ಜಗಲಿಯ ತೊಟ್ಟಿಲ ಕೊಕ್ಕೆಗೆ ನೇತುಹಾಕಿ, ಮರದ ಸೌಟಿನಿಂದ ಒಂದು ಪೆಟ್ಟು ಕೊಟ್ಟಳು.

ನಾನು ನುಡಿದೆ. ಮೂವತ್ತು ವರ್ಷ ಬಾಳಿದ ಮೇಲೆ ಮೊದಲ ಬಾರಿಗೆ, ಉಗಿಯ ಹಂಗಿಲ್ಲದೆ! ಗಂಟೆಯಷ್ಟು ದೀರ್ಘವಲ್ಲ, ನಿಜ. ಹಸನಬ್ಬ ಮೇಸ್ತ್ರಿಯ ಮಾತು ಪೂರಾ ಸುಳ್ಳಲ್ಲ. ಆದರೆ ತಪ್ಪಲೆಯಂತೂ ಅಲ್ಲ.

"ಪಪ್ಪಾ, ಇದು ಇಳಿಯುದಿಲ್ಲ, ಏರುದಿಲ್ಲ. ಯಾವಾಗ ಹೊಡೆದರೂ ಇದೇ ಸ್ವರ," ಎಂದಳು ಕಾರ್ಮಿನ್. ತನ್ನ ಸಣ್ಣ ಹಾರ್ಮೋನಿಯಂ ತಂದು ಹೋಲಿಸಿದಳು. "ಆ ಬಿಳಿ ಮನೆಗಿಂತ ಒಂದಿಷ್ಟು ಮೇಲುಂಟು. ಐತಪ್ಪ ಮಾಮ, ಅರ ಉಂಟಾ?"

ಬಾಯ್ಲರಿನವನ ಸೊಂಟದಲ್ಲಿ ಲೋಹ ಉಜ್ಜುವ ಅರ ಇಲ್ಲದಿರುತ್ತದೆಯೇ? ತುಟಿಯ ಒಳಭಾಗ ತೆಳ್ಳಗಾದಷ್ಟೂ ಸ್ವರ ಇಳಿಯುತ್ತದೆ. ಐತಪ್ಪ ನನ್ನ ಒಳಗೆ ಅರ ಆಡಿಸುವುದು, ಕಾರ್ಮಿನ್ ಹೊಡೆದು ಕೇಳಿ ಬೆರಳು ಕೆಳಗೆ ತೋರಿಸುವುದು, ಅವನು ಮತ್ತೆ ಆಡಿಸುವುದು. ನೋವಾಯಿತೇ ಎಂದರೆ, ಆಯಿತು. ಕೊನೆಗೆ ಅವಳು ಅಂಗೈ ತೋರಿಸಿ ನಿಲ್ಲಿಸಿದಳು.

ಅಷ್ಟೂ ಹೊತ್ತು ನೋಡುತ್ತಾ ಕೂತಿದ್ದ ಬಸ್ತ್ಯಾಂವ್ ಎದ್ದು ಒಳಗೆ ಹೋದ. ಮಂಚದ ಕೆಳಗಿನಿಂದ ಸೀರೆಯ ಗಂಟು ತಂದು ಬಿಚ್ಚಿದ. ಕಾರ್ನೆಟ್ಟಿನ ಮೈಗೆ ಹಸಿರು ಕಿಲುಬು ಹತ್ತಿತ್ತು. ಐತಪ್ಪ ಅದನ್ನು ಕಂಡವನೇ, "ಅಯ್ಯೋ ದೇವರೇ, ಹುಣಸೆಹಣ್ಣು ತನ್ನಿ!" ಎಂದು ಕಿರುಚಿದ. ತಿಕ್ಕಿ, ತೊಳೆದು, ಬೈರಾಸಿನಲ್ಲಿ ಒರೆಸಿ ಗೆಳೆಯನ ಕೈಗೆ ಕೊಟ್ಟ. ಆಮೇಲೆ ಬಂದು, ಅಭ್ಯಾಸಬಲದಿಂದ ಇರಬೇಕು, ನನ್ನ ಮೈಮೇಲೆ ಅಂಗೈ ಇಟ್ಟುಕೊಂಡು ನಿಂತ.

ಬಸ್ತ್ಯಾಂವ್ ನನ್ನ ಎದುರು ನಿಂತು ಊದಿದ. ಮೊದಲು ಬರೀ ಗಾಳಿ ಬಂತು. ಆಮೇಲೆ ಒಂದು ನಡುಗುವ ಸ್ವರ. ಕೊಳವೆಯನ್ನು ಸ್ವಲ್ಪ ಎಳೆದ, ಮತ್ತೆ ಊದಿದ. ಇನ್ನಷ್ಟು ಎಳೆದ.

ಆಗ ನಡೆದದ್ದನ್ನು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಯಾರೂ ನನ್ನನ್ನು ಹೊಡೆಯಲಿಲ್ಲ, ಉಗಿಯೂ ಇರಲಿಲ್ಲ. ಕಾರ್ನೆಟ್ಟಿನ ಸ್ವರ ನನ್ನ ಸ್ವರಕ್ಕೆ ಸರಿಯಾಗಿ ಬಂದು ನಿಂತ ಕ್ಷಣ ನನ್ನ ಮೈ ತಾನೇ ತಾನಾಗಿ ಜುಮ್ಮೆಂದು ನಡುಗಿತು. ಅದು ಮೊದಲು ಗೊತ್ತಾದದ್ದು ಐತಪ್ಪನಿಗೆ.

"ಬಂತು! ಪೊರ್ಬುಳೇ, ಬಂತು! ಅಲ್ಲೇ ನಿಲ್ಲಿಸಿ!" ಎಂದು ಅವನು ಕೇರಿಗೆಲ್ಲ ಕೇಳುವಂತೆ ಕೂಗಿದ.

ಕಾರ್ಮಿನ್ ಹಾರ್ಮೋನಿಯಂ ಒತ್ತಿ ನೋಡಿದಳು. ಸರಿಯಾಗಿತ್ತು. ಬಸ್ತ್ಯಾಂವನ ಕಣ್ಣಲ್ಲಿ ನೀರು ತುಂಬಿತು.

"ಕಿವುಡನಿಗೆ ಸ್ವರದ ವಿಷಯ ಎಂತ ಗೊತ್ತು ಅಂತ ಹೇಳಿದ ಬಾಯಿ ಇದು. ತಪ್ಪಾಯ್ತು ಮಾರಾಯ."

"ಎಂತ? ಎಂತ ಹೇಳಿದ್ರಿ?" ಎಂದ ಐತಪ್ಪ. ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ.

ಬಸ್ತ್ಯಾಂವ್ ಕಣ್ಣೊರೆಸಿಕೊಂಡು, ಗೆಳೆಯನ ಕೈಯನ್ನು ಹಿಡಿದು ಮತ್ತೆ ನನ್ನ ಮೈಮೇಲೆ ಇಟ್ಟ. ಅದೇ ಸ್ವರವನ್ನು ಇನ್ನೊಮ್ಮೆ, ದಮ್ಮು ಕಟ್ಟುವವರೆಗೂ ಊದಿದ. ಆ ಮಾತು ಐತಪ್ಪನಿಗೆ ತಲುಪಿತು.

ನತಾಲಿನಳ ಮದುವೆಗೆ ಬ್ಯಾಂಡು ಇಗರ್ಜಿಯ ಒಳಗೆ ನುಡಿಯಿತು. ಅಂದು ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲವಂತೆ. ಹೊರಡುವ ಮೊದಲು ಏಳೂ ಜನ ಈ ಜಗಲಿಯಲ್ಲೇ ನನಗೆ ಶ್ರುತಿ ಕೂಡಿಸಿದ್ದರು; ಒಬ್ಬೊಬ್ಬರದೂ ಸರಿಯಾಯಿತೇ ಇಲ್ಲವೇ ಎಂದು ತೀರ್ಪು ಕೊಟ್ಟದ್ದು ಐತಪ್ಪನ ಅಂಗೈ.

ಈಗ ನಾನು ಮುದುಕ. ಅದೇ ಕೊಕ್ಕೆಯಲ್ಲಿ ತೂಗುತ್ತೇನೆ. ಕೂಗುವುದು ನಾನೋ ಉಗಿಯೋ ಎಂದು ಕೇಳುತ್ತಿದ್ದೆನಲ್ಲ, ಆ ಪ್ರಶ್ನೆ ಈಗ ಹಳೆಯದಾಯಿತು. ಉಗಿ ಬಡಿದಾಗ ಕೂಗಿದೆ, ಸೌಟು ಬಡಿದಾಗ ನುಡಿದೆ, ಗೆಳೆಯರಿಬ್ಬರು ರಾಜಿಯಾದಾಗ ಯಾರೂ ಹೊಡೆಯದೆ ನಡುಗಿದೆ. ಒಂಟಿಯಾಗಿ ಮಾತ್ರ ಒಂದು ದಿನವೂ ಸದ್ದು ಮಾಡಿದವನಲ್ಲ. ಗುಡ್ಡದ ಮೇಲಿನ ಗಂಟೆಯನ್ನು ಕೇಳಿದರೂ ಇದನ್ನೇ ಹೇಳೀತು.

ಐತಪ್ಪನೂ ಇಲ್ಲ, ಬಸ್ತ್ಯಾಂವನೂ ಇಲ್ಲ. ಬ್ಯಾಂಡಿನಲ್ಲಿ ಹೊಸಬರು ಬಂದಿದ್ದಾರೆ. ಮದುವೆಗೆ ಹೊರಡುವ ಮೊದಲು ಬಂದು ನನ್ನನ್ನು ಹೊಡೆದು ಕೇಳುತ್ತಾರೆ. ಆಮೇಲೆ ಅವರಲ್ಲೊಬ್ಬ, ಯಾಕೆಂದು ತಿಳಿಯದಿದ್ದರೂ, ಹಿರಿಯರು ಕಲಿಸಿದ ಪ್ರಕಾರ ನನ್ನ ಮೈಮೇಲೆ ಅಂಗೈ ಇಟ್ಟು ನಿಲ್ಲುತ್ತಾನೆ. ಮೈಯೆಲ್ಲ ಕಪ್ಪಾಗಿದ್ದರೂ ಆ ಅಂಗೈಯಗಲ ಜಾಗದಲ್ಲಿ ನಾನು ಹುಣಸೆಹಣ್ಣು ಕಾಣದೆಯೂ ಹೊಳೆಯುತ್ತೇನೆ.