ಕುರ್ಚಿ ಅಂಗಡಿಯಲ್ಲಿ ಕೂರುವಂತಿಲ್ಲ

ಆ ಅಂಗಡಿಯಲ್ಲಿ ಇದ್ದದ್ದೆಲ್ಲ ಕೂರುವ ಸಾಮಾನುಗಳೇ. ಮರದ ಕುರ್ಚಿ, ತಿರುಗುವ ಕುರ್ಚಿ, ತೂಗುವ ಕುರ್ಚಿ, ಕೂತವರನ್ನು ಇಬ್ಬರು ಕೈಹಿಡಿದು ಎತ್ತಬೇಕಾದಷ್ಟು ಮೆತ್ತನೆಯ ಸೋಫಾ. ಅವುಗಳ ನಡುವೆ ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ರಾತ್ರಿ ಶಟರ್ ಎಳೆಯುವವರೆಗೂ ಕೆಲಸದವರು ನಿಂತೇ ಇರಬೇಕು. ಕೂತರೆ ಸಂಬಳಕ್ಕೆ ಕತ್ತರಿ. ಕೆಲಸದವರು ಕೂತ ಸೋಫಾವನ್ನು ಗಿರಾಕಿ ಕೊಳ್ಳುವುದಿಲ್ಲ ಎಂಬುದು ಯಜಮಾನನ ಸಿದ್ಧಾಂತ. ಸೋಫಾದ ಮರ್ಯಾದೆಯ ಬಗ್ಗೆ ಅಷ್ಟು ಯೋಚಿಸಿದವನು ಮನುಷ್ಯರ ಮಂಡಿಯ ಬಗ್ಗೆ ಯೋಚಿಸಿರಲಿಲ್ಲ.

ಬುಗುರಿಗೆ ಆ ಹೆಸರು ಬಿದ್ದದ್ದು ಇಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ. ದೂಳು ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು, ಮೆಟ್ಟಿಲನ್ನು ಎರಡೆರಡು ಹಾರುತ್ತ ಮೇಲೂ ಕೆಳಗೂ ಗಿರಗಿರ ತಿರುಗುತ್ತಿದ್ದಳು. ಈಗ ಮಂಡಿಗಳೆರಡೂ ಊದಿ, ಗೋಡೆ ಹಿಡಿದು ಅಡ್ಡಡ್ಡ ಇಳಿಯುತ್ತಾಳೆ. ಕಾಲು ಮಡಚಿದರೆ ಒಳಗೆ ಕಟಕಟ. ಹೆಸರು ಮಾತ್ರ ಹಾಗೇ ಉಳಿದಿತ್ತು.

ನೋವಿಗೆ ಮದ್ದು ಹೇಳದವರೇ ಇರಲಿಲ್ಲ. ಅತ್ತೆ ಯಾವುದೋ ಎಣ್ಣೆ ಕಾಯಿಸಿ ತಿಕ್ಕಿದಳು. ಮಂಡಿ ಹಾಗೇ ಇತ್ತು, ಅತ್ತೆಯ ಕೈ ಮಾತ್ರ ನುಣುಪಾಯಿತು. ಪಕ್ಕದ ಮನೆಯವಳು ಕೊಟ್ಟ ಮುಲಾಮಿನ ವಾಸನೆಗೆ ಬಸ್ಸಿನಲ್ಲಿ ಜನ ದೂರ ಸರಿದರು. ಅದೊಂದು ಲಾಭ, ನಿಲ್ಲಲು ಜಾಗ ಸಿಕ್ಕಿತು. ಔಷಧಿ ಅಂಗಡಿಯ ಗುಳಿಗೆ ನುಂಗಿದರೆ ಮಂಡಿ ಸುಮ್ಮನಾಗಿ ಹೊಟ್ಟೆ ಉರಿಯುತ್ತಿತ್ತು. ಗ್ಯಾರೇಜಿನಲ್ಲಿ ದುಡಿಯುವ ಗಂಡ ಅವಳ ಕಾಲು ಹಿಡಿದು ಆಡಿಸಿ, ಕಿವಿಗೊಟ್ಟು ಕೇಳಿದ.

"ಗ್ರೀಸ್ ಒಣಗಿದೆ ಕಣೇ. ನಾಳೆ ಡಬ್ಬಿ ತರ್ಲಾ?"

"ಮೊದ್ಲು ನಿನ್ನ ನಾಲಗೆಗೆ ಬ್ರೇಕ್ ಹಾಕ್ಸು," ಎಂದು ಅವಳು ದಿಂಬು ಬೀಸಿದಳು. ನೋವಿನಲ್ಲೂ ಇಬ್ಬರಿಗೂ ನಗು ಬಂತು.

ಕೊನೆಗೆ ಅವನೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಮಂಡಿ ಒತ್ತಿ ನೋಡಿದಳು, ಎಕ್ಸ್‌ರೇ ತೆಗೆಸಿದಳು.

"ಸವೆದಿದೆ. ಸವೆದಿದ್ದು ವಾಪಸ್ ಬರಲ್ಲ. ಆದ್ರೆ ನೋವು ಕಮ್ಮಿ ಮಾಡ್ಬಹುದು. ತೊಡೆಗೆ ವ್ಯಾಯಾಮ ಹೇಳ್ಕೊಡ್ತಾರೆ, ದಿನಾ ಮಾಡಿ. ಕೀಲಿನ ಡಾಕ್ಟ್ರನ್ನೂ ಒಂದ್ಸಲ ನೋಡ್ಬೇಕು. ಎಲ್ಲಕ್ಕಿಂತ ಮೊದ್ಲು, ದಿನವಿಡೀ ನಿಲ್ಲೋದು ಬಿಡಿ. ಆಗಾಗ ಕೂತ್ಕೊಳ್ಳಿ. ಏನು ಕೆಲ್ಸ ನಿಮ್ದು?"

"ಕುರ್ಚಿ ಅಂಗಡೀಲಿ, ಡಾಕ್ಟ್ರೇ."

"ಒಳ್ಳೇದೇ ಆಯ್ತಲ್ಲ! ಕೂರೋಕೇನು ಕಷ್ಟ?"

ಬುಗುರಿಗೆ ನಗು ಉಕ್ಕಿತು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಹೊರಗೆ ಸಾಲಿನಲ್ಲಿದ್ದವರು ಇಣುಕಿ ನೋಡಿದರು. ಗಂಡನೂ ಶುರುಮಾಡಿದ. ಡಾಕ್ಟರಮ್ಮನಿಗೆ ತಲೆಬುಡ ತಿಳಿಯಲಿಲ್ಲ.

ಮರುದಿನ ಅವಳು ಧೈರ್ಯ ಮಾಡಿ ಯಜಮಾನನ ಕೋಣೆಗೆ ಹೋದಳು.

"ಸಾರ್, ಒಂದು ಸ್ಟೂಲು. ಗಿರಾಕಿ ಇಲ್ದಾಗ ಕೂರೋಕೆ. ಡಾಕ್ಟ್ರು ಹೇಳಿದಾರೆ."

ಆ ವಾರವೇ ಅಂಗಡಿಗೆ ಮೈಯುಜ್ಜುವ ಕುರ್ಚಿಗಳು ಬಂದಿದ್ದವು. ಗುಂಡಿ ಒತ್ತಿದರೆ ಗಡಗಡ ಅಲುಗುತ್ತ ಬೆನ್ನಿನಿಂದ ಪಾದದವರೆಗೆ ತಿಕ್ಕುವ ಯಂತ್ರ. 'ಮಂಡಿನೋವು ಮಂಗಮಾಯ' ಎಂದು ಬೋರ್ಡು ಬರೆಸಿದ್ದರೂ ಯಾರೂ ಅವುಗಳತ್ತ ಸುಳಿದಿರಲಿಲ್ಲ. ಯಜಮಾನ ಬಾಗಿಲಾಚೆಯ ಆ ಬೋರ್ಡು ನೋಡಿದ, ಅವಳ ಮಂಡಿ ನೋಡಿದ. ಮುಖ ಅರಳಿತು.

"ಕೂರ್ಬೇಕು ತಾನೆ? ಕೂರಿಸ್ತೀನಿ! ಜನ ಸೇರಿದಾಗ ಆ ಕುರ್ಚೀಲಿ ಕೂತ್ಕೋ. ಆಮೇಲೆ ಎದ್ದು ಪಟಪಟ ನಡೀಬೇಕು. 'ನನ್ನ ಮಂಡಿನೋವು ಹೋಯ್ತು' ಅನ್ಬೇಕು. ಅಷ್ಟೆ."

"ಸುಳ್ಳು ಹೇಳ್ಬೇಕಾ ಸಾರ್?"

"ವ್ಯಾಪಾರ ಕಣಮ್ಮ. ಬದಲಿಗೆ ನಿನ್ನನ್ನ ದೊಡ್ಡ ಆಸ್ಪತ್ರೇಲಿ ತೋರಿಸ್ತೀನಿ. ಪೂರ್ತಿ ಖರ್ಚು ನಂದು. ಮಾತು ಅಂದ್ರೆ ಮಾತು."

ಅವಳು ಒಪ್ಪಿದಳು. ನೋವು ತಿಂದವರಿಗೇ ಗೊತ್ತು ಯಾಕೆ ಒಪ್ಪಿದಳೆಂದು.

ಮೊದಲ ಸಲ ಆ ಕುರ್ಚಿಯಲ್ಲಿ ಕೂತಾಗ ಬುಗುರಿಗೆ ಸ್ವರ್ಗ ಮೂರೇ ಗೇಣು. ಯಂತ್ರದ್ದೇನೂ ಮಹಿಮೆಯಲ್ಲ, ಅದು ಬರೀ ಕಚಗುಳಿ. ಕೂತದ್ದೇ ಸುಖ. ಇಷ್ಟು ವರ್ಷ ಒರೆಸಿ ಒರೆಸಿ ಹೊಳೆಯಿಸಿದ್ದ ಅಂಗಡಿಯನ್ನು ಮೊದಲ ಬಾರಿ ಕೂತು ನೋಡಿದಳು. ಎಲ್ಲವೂ ಎಷ್ಟು ಚೆಂದವಾಗಿ ಕಂಡಿತು! ಆಮೇಲೆ ಹಲ್ಲು ಕಚ್ಚಿ ಎದ್ದಳು, ಪಟಪಟ ನಡೆದಳು, "ನೋವು ಹೋಯ್ತು!" ಎಂದಳು. ಜನ ಚಪ್ಪಾಳೆ ತಟ್ಟಿದರು. ಕುರ್ಚಿಗಳು ಒಂದೊಂದಾಗಿ ಲಾರಿ ಹತ್ತಿದವು.

"ಏನು ಮಹಾರಾಣಿ, ಇವತ್ತು ಎಷ್ಟೊತ್ತಿಗೆ ದರ್ಬಾರು?" ಎಂದು ಅಂಗಡಿಯ ಬಡಗಿ ಕಾಲೆಳೆಯುತ್ತಿದ್ದ. ಅವಳು ಗತ್ತಿನಿಂದ ಕೈ ಬೀಸುತ್ತಿದ್ದಳು. ಮನೆಗೆ ಹೋಗಿ ಮಾತ್ರ ಕಾಲು ಚಾಚಿ ಅಳುತ್ತಿದ್ದಳು.

ಗೋದಾಮಿನ ಕುರ್ಚಿಗಳು ಖಾಲಿಯಾಗುತ್ತ ಬಂದರೂ ದೊಡ್ಡ ಆಸ್ಪತ್ರೆಯ ಸುದ್ದಿಯಿಲ್ಲ. ಒಂದು ದಿನ ಬೆಳಿಗ್ಗೆ ತಾನೇ ಹೋಗಿ ಕೇಳಿದಳು.

ಯಜಮಾನ ಹುಬ್ಬೇರಿಸಿದ. "ಯಾವ ನೋವು?"

"ಮಂಡಿದು, ಸಾರ್."

"ಅದು ಹೋಯ್ತಲ್ಲ! ಅಷ್ಟು ಜನರ ಮುಂದೆ ಹೇಳಿದ್ದು ನೀನೇ ತಾನೆ? ಈಗ ನಿನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ನನ್ನ ಕುರ್ಚಿ ಮಾನ ಏನಾಗ್ಬೇಕು? ವಾಸಿಯಾದವಳಿಗೆ ಸ್ಟೂಲೂ ಬೇಡ. ನಡಿ, ಮಧ್ಯಾಹ್ನ ಗಿರಾಕಿ ಬರ್ತಾರೆ."

ಬುಗುರಿ ಪೆಚ್ಚುಮೋರೆ ಹಾಕಿಕೊಂಡು ಹೊರಬಂದಳು. ಅವಳ ಬಾಯಿಂದಲೇ ಅವಳ ಬಾಯಿ ಮುಚ್ಚಿಸಿದ್ದ. ಇಷ್ಟು ನುಣ್ಣಗೆ ಯಾರೂ ಯಾರಿಗೂ ಮೋಸ ಮಾಡಿರಲಾರರು.

ಮಧ್ಯಾಹ್ನ ಮತ್ತೆ ಕೂರಿಸಿದರು. ರಿಮೋಟ್ ಹಿಡಿದು ಪಕ್ಕದಲ್ಲಿ ನಿಂತವನು ಮ್ಯಾನೇಜರ್. ಯಾರು ಎಲ್ಲಿ ಕೂತರೂ ಅವನಿಗೆ ಕಾಣುತ್ತಿದ್ದರಿಂದ ಅವನಿಗೆ ಕ್ಯಾಮೆರಾ ಎಂದೇ ಹೆಸರು. ಗುಂಪಿನ ಮುಂದೆ ಒಬ್ಬಳು ಅಜ್ಜಿ ನಿಂತಿದ್ದಳು. ಬೀದಿ ತುದಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವವಳು. ನಿಂತು ನಿಂತೇ ಮುದುಕಿಯಾದವಳು. ಎದೆಗೆ ಒಂದು ಬಟ್ಟೆ ಚೀಲ ಅವುಚಿಕೊಂಡಿದ್ದಳು.

"ಮಗಳೇ," ಅಜ್ಜಿ ಹತ್ತಿರ ಬಂದು ಕೇಳಿದಳು, "ಹೊಸ ಇಸ್ತ್ರಿ ಪೆಟ್ಟಿಗೆಗೆ ಅಂತ ಕೂಡಿಟ್ಟಿದ್ದೆ. ಅದನ್ನೇ ತಂದಿದೀನಿ. ನಿಜ ಹೇಳು, ನೋವು ಹೋಯ್ತಾ?"

ಬುಗುರಿ ಅಜ್ಜಿಯ ಮಂಡಿ ನೋಡಿದಳು. ಸೀರೆಯ ಕೆಳಗೂ ಊತ ಕಾಣುತ್ತಿತ್ತು. ಕ್ಯಾಮೆರಾ ಅಷ್ಟರಲ್ಲಿ ಗುಂಡಿ ಒತ್ತಿದ, ಕುರ್ಚಿ ಅಲುಗತೊಡಗಿತು.

"ಹೋ-ಹೋ-ಹೋಗಿಲ್ಲ ಅಜ್ಜೀ-ಈ-ಈ!"

ಗುಂಪು ಗೊಳ್ಳೆಂದಿತು. ಬುಗುರಿಗೂ ನಗು ತಡೆಯಲಾಗಲಿಲ್ಲ.

"ಒಂ-ಒಂಚೂರೂ ಹೋಗಿಲ್ಲ! ಗು-ಗುಳಿಗೆ ನುಂಗಿ ನ-ನಡೀತಿದ್ದೆ! ದು-ದುಡ್ಡು ಒಳಗಿಡಿ!"

"ನಿಲ್ಸೋ ಅದನ್ನ!" ಯಜಮಾನ ಕೋಣೆಯಿಂದ ಓಡಿಬಂದ. ಗಾಬರಿಯಲ್ಲಿ ಕ್ಯಾಮೆರಾ ಬೇರೆ ಗುಂಡಿ ಒತ್ತಿದ. ಕುರ್ಚಿಗೆ ಹುಚ್ಚು ಹಿಡಿದಂತಾಯಿತು. ಬುಗುರಿ ಮೇಲೂ ಕೆಳಗೂ ಕುಣಿದಳು, ಕೂಗಿ ಕೂಗಿ ನಕ್ಕಳು, ಕಣ್ಣಲ್ಲಿ ನೀರು ಸುರಿಯಿತು. ಬಡಗಿ ಹೋಗಿ ಪ್ಲಗ್ ಕಿತ್ತ.

"ಏಳು ಮೇಲೆ!" ಯಜಮಾನ ಅಬ್ಬರಿಸಿದ.

ಎದ್ದರೆ ಕೆಲಸ ಉಳಿದೀತು. ಅದು ಅವಳಿಗೆ ಗೊತ್ತಿತ್ತು. ಆದರೂ ಅವಳು ಕಾಲು ಚಾಚಿ ಇನ್ನಷ್ಟು ಒರಗಿದಳು.

"ಏಳಲ್ಲ ಸಾರ್. ಡಾಕ್ಟ್ರು ಕೂತ್ಕೋ ಅಂದಿದಾರೆ. ನೀವು ಮಾತು ಕೊಟ್ಟ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇಲ್ಲಿರೋರಿಗೆಲ್ಲ ಒಂದೊಂದು ಸ್ಟೂಲು ಕೊಡಿ. ಗಿರಾಕಿ ಬಂದಾಗ ನಾವೇ ಎದ್ದು ನಿಲ್ತೀವಿ."

"ನಾಳೆಯಿಂದ ನೀನು ಬರ್ಬೇಡ!"

"ನಾಳೇದು ನಾಳೆ. ಇವತ್ತಂತೂ ಕೂತಿದೀನಿ."

ಬಿಲ್ ಬರೆಯುವ ಹುಡುಗಿ ಕಿಸಕ್ಕನೆ ನಕ್ಕಳು. ನಗುತ್ತಲೇ ಪಕ್ಕದ ಸೋಫಾದಲ್ಲಿ ಕುಸಿದಳು. ಬಡಗಿ ತಾನೇ ಜೋಡಿಸಿದ್ದ ತೂಗುಕುರ್ಚಿಯನ್ನು ಮುಂದಕ್ಕೆಳೆದು ಕೂತ. "ಅಯ್ಯೋ ದೇವ್ರೇ, ಎಷ್ಟು ಚೆನ್ನಾಗಿ ಮಾಡಿದೀನಿ ಇದನ್ನ!" ಎಂದ. ಸಾಮಾನು ಹೊರುವವರು ಮಹಡಿಯಿಂದ ಇಳಿದು ಬಂದು ಊಟದ ಮೇಜಿನ ಸುತ್ತ ಕೂತರು. ಕೂತವರೆಲ್ಲ ನಗುತ್ತಿದ್ದರು. ಇಷ್ಟು ಸುಲಭದ ಕೆಲಸವನ್ನು ಇಷ್ಟು ದಿನ ಮಾಡದೇ ಇದ್ದುದಕ್ಕೆ ಅವರಿಗೇ ನಗು.

"ಎಲ್ಲರ ಸಂಬಳ ಕತ್ತರಿಸ್ತೀನಿ! ಕ್ಯಾಮೆರಾ, ಬರ್ಕೋ ಹೆಸರು!" ಗಡಿಬಿಡಿಯಲ್ಲಿ ಯಜಮಾನನ ಬಾಯಲ್ಲೂ ಅದೇ ಹೆಸರು ಬಂತು.

ಕ್ಯಾಮೆರಾ ರಿಮೋಟನ್ನು ಮೇಜಿನ ಮೇಲಿಟ್ಟ. "ನನಗೂ ಹಿಮ್ಮಡಿ ಸೀಳಿಹೋಗ್ತಿದೆ ಸಾರ್," ಎಂದು ಮೆಲ್ಲಗೆ ಹೇಳಿ ಸೋಫಾದ ಅಂಚಿನಲ್ಲಿ ಕೂತ.

ಇಸ್ತ್ರಿಯ ಅಜ್ಜಿ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾನೂ ಕೂತ್ಕೊಳ್ಳಲಾ?"

"ಬನ್ನಿ ಅಜ್ಜಿ," ಬುಗುರಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಎರಡು ಮಹಡಿಯ ಕೆಲಸದವರೆಲ್ಲ ಕೂತಿದ್ದರು. ಯಜಮಾನ ಒಬ್ಬನೇ ನಡುವೆ ನಿಂತು, ಒಬ್ಬೊಬ್ಬರ ಮುಂದೂ ಹೋಗಿ, "ಏಳ್ರೋ! ಏಳ್ರೋ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ತಿರುಗಿ ತಿರುಗಿ ಕೊನೆಗೆ ಬುಗುರಿಯ ಎದುರಿಗೇ ಬಂದು ನಿಂತ.

ಅವಳು ಅಜ್ಜಿಯ ಕೈ ಹಿಡಿದುಕೊಂಡೇ ಹೇಳಿದಳು.

"ಮೆಲ್ಲಗೆ ಸಾರ್. ಚಿಕಿತ್ಸೆ ನಡೀತಿದೆ."