ಅತ್ತೆಯ ಸರದಿ, ಸೊಸೆಯ ಸರದಿ

ನೆಲಮಾಳಿಗೆಯಲ್ಲಿದ್ದ ಕಾರುಗಳನ್ನೆಲ್ಲ ಬೀದಿಗೆ ಸಾಗಿಸಿ, ಟೇಬಲ್ ಟೆನಿಸ್ ಮೇಜನ್ನು ನಡುವೆ ಎಳೆದಿದ್ದರು. ಕಟ್ಟಡದ ಪ್ರತಿ ಮನೆಯಿಂದ ಇಬ್ಬರು ಜೋಡಿಯಾಗಿ ಆಡಬೇಕಾದ ಪಂದ್ಯ ಅದು. ಮಗ ಕಾಲು ಉಳುಕಿಸಿಕೊಂಡು ಕೂತಿದ್ದರಿಂದ ಅತ್ತೆ ತಮ್ಮ ಹೆಸರಿನ ಜೊತೆಗೆ ಸೊಸೆಯ ಹೆಸರನ್ನೂ ಕೊಟ್ಟು ಬಂದಿದ್ದರು. ಅವಳನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ.

ಸೊಸೆಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅತ್ತೆ ದೊಡ್ಡಾಸ್ಪತ್ರೆಯಲ್ಲಿ ಮುಖ್ಯ ನರ್ಸ್ ಆಗಿ ನಿವೃತ್ತರಾದವರು; ಡಾಕ್ಟರುಗಳನ್ನೇ ಸಾಲಾಗಿ ನಿಲ್ಲಿಸಿದ ಗಂಟಲು ಅದು. ಸೊಸೆ ಮಡಿಸಿಟ್ಟ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಿಸುತ್ತಿದ್ದರು. ಒಗ್ಗರಣೆಗೆ ಸಾಸಿವೆ ಹಾಕುವಷ್ಟರಲ್ಲಿ ಅವಳ ಕೈಯಿಂದ ಸೌಟು ಕಸಿಯುತ್ತಿದ್ದರು. ಕನ್ನಡಕದ ಅಂಗಡಿಯಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ಗಾಜು ಉಜ್ಜುವ ಅವಳಿಗೆ, ಮನೆಗೆ ಬಂದರೆ ಎರಡು ಕೈಯೂ ಹೆಚ್ಚಾದಂತೆ ಅನಿಸುತ್ತಿತ್ತು.

ಎದುರಿಗೆ ಮೂರನೇ ಮಹಡಿಯ ಅಕ್ಕ-ತಮ್ಮ. ಅಂಪೈರ್ ಆಗಿ ಎತ್ತರದ ಸ್ಟೂಲಿನ ಮೇಲೆ ಕೂತವರು ರೈಲಿನಲ್ಲಿ ಗಾರ್ಡ್ ಆಗಿದ್ದ ತಾತ. ಶುರುವಿನಲ್ಲೇ ಅವರು ಸಾರಿದರು: "ಜೋಡಿ ಆಟ. ಒಬ್ರು ಹೊಡೆದ ಮೇಲೆ ಇನ್ನೊಬ್ರು. ಒಬ್ರೇ ಎರಡು ಸಲ ಹೊಡೆಯೋ ಹಾಗಿಲ್ಲ."

"ಗೊತ್ತು ಬಿಡಿ," ಎಂದರು ಅತ್ತೆ. ಸೊಸೆಯ ಕಡೆ ತಿರುಗಿ, "ನೀನು ಸುಮ್ನೆ ಆಚೆ ತಳ್ಳು. ಮಿಕ್ಕಿದ್ದು ನನಗೆ ಬಿಡು," ಎಂದರು.

ಆಟ ಏರುತ್ತ ಇಳಿಯುತ್ತ ಒಂಬತ್ತು-ಹತ್ತಕ್ಕೆ ಬಂತು. ಇನ್ನೊಂದು ಅಂಕ ಹೋದರೆ ಮನೆ ದಾರಿ. ತಮ್ಮ ಬಿರುಸಾಗಿ ಹೊಡೆದ ಚೆಂಡು ಸೊಸೆಯ ಎದೆಗೇ ಬಂತು. ಅವಳು ಗಾಬರಿಯಲ್ಲಿ ಬ್ಯಾಟು ಅಡ್ಡ ಹಿಡಿದಳು. ಚೆಂಡು ಬ್ಯಾಟು ಹಿಡಿದ ಬೆರಳಿಗೆ ಬಡಿದು, ಅಲ್ಲಿಂದ ಬ್ಯಾಟಿಗೆ ತಗುಲಿ, ನೆಟ್ಟಿನ ಮೇಲೆ ತೇಲಿ ಆಚೆ ಮೂಲೆಯಲ್ಲಿ ಬಿತ್ತು.

"ಎರಡೇಟು! ಎರಡು ಸಲ ತಗುಲ್ತು!" ಅಕ್ಕ ಕೂಗಿದಳು.

ಗಾರ್ಡ್ ತಾತ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ಬ್ಯಾಟು ಹಿಡಿದ ಕೈಗೆ ತಗುಲಿದ್ರೆ ಅದೂ ಬ್ಯಾಟೇ. ಆಕಸ್ಮಿಕವಾಗಿ ಎರಡು ಸಲ ತಗುಲಿದ್ರೆ ಪರವಾಗಿಲ್ಲ, ಬೇಕಂತ ಹೊಡೆದ್ರೆ ತಪ್ಪು. ಏನಮ್ಮಾ, ಬೇಕಂತ ಹೊಡೆದ್ಯಾ?"

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು. "ಬೇಕಂತಾನಾ? ಏಳು ಜನ್ಮ ಎತ್ತಿದ್ರೂ ಇವಳ ಕೈಲಿ ಆಗಲ್ಲ ರೀ!"

ನೆಲಮಾಳಿಗೆಗೆ ನೆಲಮಾಳಿಗೆಯೇ ಗೊಳ್ಳೆಂದಿತು. ಎದುರಿದ್ದ ಅಕ್ಕನೂ ನಗು ತಡೆಯಲಾರದೆ, "ಸರಿ, ಒಪ್ಪಿದ್ವಿ," ಎಂದಳು. ಹತ್ತು-ಹತ್ತು; ಇನ್ನು ಗೆಲ್ಲಲು ಎರಡು ಅಂಕಗಳ ಮುನ್ನಡೆ ಬೇಕು. ಅಂಕ ಸಿಕ್ಕಿತೆಂದು ಖುಷಿಪಡಬೇಕೋ, ಮಾನ ಹೋಯಿತೆಂದು ಮುನಿಸಿಕೊಳ್ಳಬೇಕೋ ಸೊಸೆಗೆ ತಿಳಿಯಲಿಲ್ಲ.

ಮುಂದಿನ ಅಂಕದಲ್ಲಿ ಅತ್ತೆ ಒಂದು ಹೊಡೆದರು. ತಿರುಗಿ ಬಂದ ಚೆಂಡು ಸೊಸೆಯದು. ಅವಳು ತೋಳು ಹಿಂದೆ ಎಳೆದು ಸಜ್ಜಾಗುವಷ್ಟರಲ್ಲಿ ಅತ್ತೆ ಬಿರುಗಾಳಿಯಂತೆ ಅಡ್ಡ ನುಗ್ಗಿ ಬಾರಿಸಿಯೇಬಿಟ್ಟರು. ಎಂಥ ಹೊಡೆತ! ಅಕ್ಕ-ತಮ್ಮ ಇಬ್ಬರೂ ನಿಂತಲ್ಲೇ ನಿಂತರು. ಅತ್ತೆ ಬ್ಯಾಟು ಎತ್ತಿ ಬೀಗಿದರು.

"ಅಂಕ ಅವರಿಗೆ," ಎಂದರು ತಾತ. "ಸರದಿ ನಿಮ್ಮದಲ್ಲ."

ಅತ್ತೆಯ ಮುಖ ಇಂಗು ತಿಂದ ಮಂಗನಂತಾಯಿತು. ಸೊಸೆಗೆ ಹೊಟ್ಟೆಯಾಳದಿಂದ ನಗು ಉಕ್ಕಿತು. ಮೇಜಿನ ಅಂಚು ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಯಾವ ಧೈರ್ಯವೋ ಏನೋ, ಹೇಳಿಯೇಬಿಟ್ಟಳು:

"ಅತ್ತೆ, ನನ್ನ ಚೆಂಡು ನನಗೆ ಬಿಡಿ. ಹೋದ್ರೆ ನನ್ನಿಂದಲೇ ಹೋಗ್ಲಿ."

ಅತ್ತೆ ಅವಳನ್ನು ದಿಟ್ಟಿಸಿದರು. ಅಂಥ ಮಾತನ್ನು ಯಾರಿಂದಲೂ ಕೇಳಿ ಅವರಿಗೆ ಅಭ್ಯಾಸವಿರಲಿಲ್ಲ. "ಆಯ್ತಮ್ಮಾ," ಎಂದರು ಕೊನೆಗೆ. "ಮತ್ತೆ ನಾನು ಅಡ್ಡ ಬಂದ್ರೆ ಕಾಲು ತುಳಿ."

ತುಳಿಯುವ ಪ್ರಸಂಗ ಬರಲಿಲ್ಲ. ತಮ್ಮ ಮತ್ತೊಂದು ಬಿರುಸಿನ ಚೆಂಡು ಕಳಿಸಿದಾಗ ಅತ್ತೆ ಹಲ್ಲು ಕಚ್ಚಿ ಗೋಡೆಯವರೆಗೂ ಹಿಂದೆ ಸರಿದರು. ಸೊಸೆ ಗಾಜಿನ ಅಂಚು ನೋಡುವ ಕಣ್ಣಿನಿಂದಲೇ ಚೆಂಡನ್ನು ನೋಡಿದಳು. ಕೈ ತಾನಾಗಿಯೇ ಬೀಸಿತು. ಚೆಂಡು ಗೆರೆಯ ಮೇಲೆ ಬಿತ್ತು. ಹನ್ನೊಂದು-ಹನ್ನೊಂದು. ಅದರ ನಂತರದ ಚೆಂಡನ್ನು ಅಕ್ಕ ನೆಟ್ಟಿಗೆ ಹೊಡೆದಳು. ಕಡೆಯ ಅಂಕದಲ್ಲಿ ಸೊಸೆ ಚೆಂಡನ್ನು ನೆಟ್ಟಿನ ಪಕ್ಕದಲ್ಲೇ ಮೆತ್ತಗೆ ಇಟ್ಟಳು. ಅಕ್ಕ ಬಗ್ಗಿ ಎತ್ತಿದಳು. ಅದು ಬುಗ್ಗೆಯಂತೆ ಮೇಲೆದ್ದಿತು. ಈಗ ಸರದಿ ಅತ್ತೆಯದು.

"ಹೊಡೀರಿ ಅತ್ತೆ!"

ಹೊಡೆದ ಸದ್ದು ಮೆಟ್ಟಿಲಿನವರೆಗೂ ಕೇಳಿಸಿತು.

ಆಮೇಲೆ ಲಿಫ್ಟಿನಲ್ಲಿ, ಮೊಗಸಾಲೆಯಲ್ಲಿ, ಮನೆ ಬಾಗಿಲಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ಅತ್ತೆ ಆ ಹೊಡೆತದ ವರದಿ ಒಪ್ಪಿಸಿದರು. ಪ್ರತಿ ಸಲವೂ ಚೆಂಡಿನ ವೇಗ ಒಂದಿಷ್ಟು ಹೆಚ್ಚುತ್ತ ಹೋಯಿತು. ಆದರೆ ಪ್ರತಿ ಸಲವೂ ಮಾತು ಶುರುವಾಗುತ್ತಿದ್ದುದು ಹೀಗೆ: "ಮೊದಲು ಇವಳು ನೆಟ್ ಹತ್ರ ಹೆಂಗಿಟ್ಳು ಅಂತೀರಾ..."

ಸೊಸೆ ಪಕ್ಕದಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು, ನಾಲ್ಕನೇ ಸಲವೂ.