ಶಮ್ಸಾ ಅಜ್ಜಿಯ ಮನೆಯ ಬೆಂಕಿ

ಜೊವಿಟಾ ಮಸೀರಾ ದ್ವೀಪಕ್ಕೆ ಹೊರಟದ್ದು ಗಂಡನನ್ನು ನೋಡುವುದಕ್ಕಲ್ಲ, ಕಿವಿ ಹಿಡಿದು ಎಳೆದು ತರುವುದಕ್ಕೆ. ಅರಬ್ ದೇಶದ ರಾಜಧಾನಿಯೊಳಗಿನ ದಾರ್ಸೈಟಿನ ಫ್ಲ್ಯಾಟಿನಲ್ಲಿ ಮೂರು ವರ್ಷ ಒಬ್ಬಳೇ ಕಳೆದವಳಿಗೆ ಅಷ್ಟು ಹಕ್ಕು ಇಲ್ಲವೇ? ಡೆಸ್ಮಂಡ್ ಆ ದ್ವೀಪದಲ್ಲಿ ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಪ್ಲಾಂಟಿನಲ್ಲಿ ಟೆಕ್ನಿಷಿಯನ್. ತಿಂಗಳಿಗೊಮ್ಮೆ ಬರುತ್ತಿದ್ದ, ಎರಡು ದಿನ ನಿದ್ದೆ ಹೊಡೆಯುತ್ತಿದ್ದ, ಹೋಗುತ್ತಿದ್ದ. ಈಗ ಕಂಪನಿಯವರೇ ದಾರ್ಸೈಟಿನಿಂದ ದಿನಾ ಹೋಗಿ ಬರಬಹುದಾದ ಸೀಬ್‌ನಲ್ಲಿ ಕೆಲಸ ಕೊಡುತ್ತೇವೆ, ಗುರುವಾರದೊಳಗೆ ಉತ್ತರ ಹೇಳಿ ಎಂದಿದ್ದರು. ಈ ಮಹಾನುಭಾವ "ನೋಡುವ" ಎನ್ನುತ್ತ ಕೂತಿದ್ದ. ಶಿರ್ವಕ್ಕೆ ಹೆಣ್ಣು ನೋಡಲು ಬಂದಾಗಲೂ ಅವನು ಇದೇ ಮಾತು ಹೇಳಿ ಜೊವಿಟಾಳ ಅಪ್ಪನಿಗೆ ತಲೆಬಿಸಿ ಮಾಡಿದ್ದ.

"ನೀನೇ ಇಲ್ಲಿಗೆ ಬಾ" ಎಂದು ಅವನು ಕೇಳಿದ್ದೂ ಉಂಟು. "ನನ್ನ ಆಫೀಸು ಯಾರು ನೋಡುವುದು?" ಎಂದು ಅವಳು ಬಾಯಿ ಮುಚ್ಚಿಸಿದ್ದಳು. ಆಫೀಸಿನವರು ಎಲ್ಲರ ಕೈಗೂ ಲ್ಯಾಪ್‌ಟಾಪ್ ಕೊಟ್ಟು, ಎಲ್ಲಿಂದ ಬೇಕಾದರೂ ಕೆಲಸ ಮಾಡಿ ಎಂದು ಹೇಳಿ ವರ್ಷವಾಗಿತ್ತು. ಅದೊಂದನ್ನು ಮಾತ್ರ ಅವಳು ಗಂಡನಿಗೆ ಹೇಳಿರಲಿಲ್ಲ. ಜನ ಇಲ್ಲದ, ಇಗರ್ಜಿ ಇಲ್ಲದ, ಮೀನಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲದ ಜಾಗಕ್ಕೆ ಯಾರು ಹೋಗುತ್ತಾರೆ?

ಸೋಮವಾರ ಬೆಳಿಗ್ಗೆ ಫೆರಿಯಿಂದ ಇಳಿದಾಗ ಗಾಳಿ ಅವಳ ದುಪಟ್ಟಾವನ್ನು ಎಳೆದುಕೊಂಡೇ ಹೋಗುವಂತಿತ್ತು. ಡೆಸ್ಮಂಡ್ ಪಿಕಪ್ಪಿನಲ್ಲಿ ಅವಳನ್ನು ಉಮ್ಮ್ ಸಿದ್ರ ಎಂಬ ಹಳ್ಳಿಗೆ ಕರೆತಂದ. ಸಾಲಾಗಿ ಸಿಮೆಂಟಿನ ಮನೆಗಳು, ದಡಕ್ಕೆ ಎಳೆದಿಟ್ಟ ದೋಣಿಗಳು, ಬಲೆಯ ಮೇಲೆ ಮಲಗಿದ ಆಡುಗಳು. ಅವನು ದಾರಿಯುದ್ದಕ್ಕೂ ಕೈಯೆತ್ತಿ ಸಲಾಂ ಹೇಳುತ್ತಲೇ ಇದ್ದ. ಎಲೆಕ್ಷನ್ನಿಗೆ ನಿಂತವನೂ ಇಷ್ಟು ಜನರಿಗೆ ಕೈಮುಗಿಯುವುದಿಲ್ಲ ಎಂದುಕೊಂಡಳು ಜೊವಿಟಾ. ಮನೆಯ ಬಾಗಿಲು ತೆಗೆಯುವಷ್ಟರಲ್ಲಿ ಪ್ಲಾಂಟಿನಿಂದ ಫೋನು ಬಂತು. ಸಮುದ್ರದಿಂದ ನೀರೆಳೆಯುವ ಪೈಪಿನ ಬಾಯಿಗೆ ಲೋಳೆಮೀನಿನ ಹಿಂಡು ಬಂದು ಮೆತ್ತಿಕೊಂಡಿದೆಯಂತೆ.

"ಈಗ ಬಂದೆ. ದೋಣಿಯಲ್ಲಿ ಹೋಗಿ ತೆಗೆದು ಬರುವುದು, ಅಷ್ಟೇ" ಎಂದು ಅವನು ಓಡಿದ.

ಮಧ್ಯಾಹ್ನವಾಯಿತು. ಅವನು ಬರಲಿಲ್ಲ. ಗಾಳಿ ಕಿಟಕಿಯ ಗಾಜನ್ನು ಅಲುಗಾಡಿಸುತ್ತಿತ್ತು. ಜೊವಿಟಾ ಅನ್ನಕ್ಕಿಡೋಣವೆಂದು ಗ್ಯಾಸ್ ತಿರುಗಿಸಿ ಲೈಟರ್ ಒತ್ತುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

ಕಪ್ಪು ಅಬಾಯಾ ತೊಟ್ಟ ಹೆಂಗಸರು. ಒಬ್ಬರ ಹಿಂದೆ ಒಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದರು. ಎಲ್ಲರ ಕೈಯಲ್ಲೂ ಬಟ್ಟೆ ಮುಚ್ಚಿದ ಪಾತ್ರೆ. ಯಾರೂ ಮಾತಾಡಲಿಲ್ಲ. ಪಾತ್ರೆಗಳನ್ನು ಚಾಪೆಯ ಮೇಲಿಟ್ಟು ಗೋಡೆಗೊರಗಿ ಸಾಲಾಗಿ ಕೂತರು. ಅವರಲ್ಲಿ ತೀರ ವಯಸ್ಸಾದವಳೊಬ್ಬಳು ನೇರವಾಗಿ ಅಡುಗೆಮನೆಗೆ ಬಂದು, ಗ್ಯಾಸಿನ ಗುಂಡಿ ತಿರುಗಿಸಿ ಆರಿಸಿದಳು. ಜೊವಿಟಾಳ ಕೈಯಿಂದ ಲೈಟರನ್ನು ಮೆಲ್ಲಗೆ ಬಿಡಿಸಿಕೊಂಡಳು. ಬೇಡ ಎಂಬಂತೆ ತಲೆಯಾಡಿಸಿ, ಅವಳ ಕೆನ್ನೆ ಸವರಿದಳು.

ಜೊವಿಟಾ ಒಲೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಅಪ್ಪ ತೀರಿಕೊಂಡ ದಿನ ಶಿರ್ವದ ಮನೆಯಲ್ಲಿ ದೊಡ್ಡಮ್ಮ ಹೀಗೇ ಬಂದು ಒಲೆ ಆರಿಸಿದ್ದಳು. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದು. ನೆರೆಮನೆಯವರು ಹೀಗೇ ಗಂಜಿಯ ಪಾತ್ರೆ ಮುಚ್ಚಿ ತಂದು, ಹೀಗೇ ಗೋಡೆಗೊರಗಿ ಮಾತಿಲ್ಲದೆ ಕೂತಿದ್ದರು.

ಡೆಸ್ಮಂಡನಿಗೆ ಫೋನು ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಮುದುಕಿಯ ತೋಳು ಹಿಡಿದು "ಡೆಸ್ಮಂಡ್? ಡೆಸ್ಮಂಡ್?" ಎಂದಳು. ಮುದುಕಿ ಸಮುದ್ರದ ಕಡೆ ಕೈ ತೋರಿಸಿದಳು. ಅಷ್ಟು ಸಾಕಾಯಿತು. ಜೊವಿಟಾ ಅಲ್ಲೇ ಕುಸಿದು ಕೂತು ಬಾಯಿಬಿಟ್ಟು ಅತ್ತಳು. ಸೀಬ್ ಬೇಡ, ದಾರ್ಸೈಟ್ ಬೇಡ, ಯಾವ ಕೆಲಸವೂ ಬೇಡ, ಅವನೊಬ್ಬ ಬಂದರೆ ಸಾಕು ದೇವರೇ ಎಂದು ಅತ್ತಳು. ಮೂರು ವರ್ಷ ಹಟ ಮಾಡಿ ಗೆದ್ದದ್ದೆಲ್ಲ ಅವಳಿಗೆ ಆ ಕ್ಷಣದಲ್ಲಿ ಅಸಹ್ಯವೆನಿಸಿತು.

ಅವಳು ಅಳುವುದನ್ನು ಕಂಡು ಹೆಂಗಸರೂ ಕಣ್ಣೊರೆಸಿಕೊಂಡರು. ಪಾಪ, ಹುಡುಗಿಗೆ ತವರಿನ ನೆನಪಾಗಿದೆ ಎಂದು ಅವರ ಲೆಕ್ಕ. ಮುದುಕಿಯಂತೂ ತಾನೂ ಒಂದು ಕಾಲದಲ್ಲಿ ಮದುವೆಯಾಗಿ ಬಂದವಳೇ ಎಂದು ನೆನಪಾಗಿ ಇವಳನ್ನು ಅಪ್ಪಿಕೊಂಡು ಜೋರಾಗಿಯೇ ಅತ್ತಳು.

ಈ ಗೋಳಿನ ನಡುವೆ ಬಾಗಿಲ ಹೊರಗೆ ನಿಂತು ಯಾರೋ ಕೆಮ್ಮಿ "ಅಕ್ಕ, ನಾನು ಬರಬಹುದಾ?" ಎಂದರು. ಊರಿನ ಏಕೈಕ ಕಾಫಿ ಶಾಪ್ ನಡೆಸುವ ಮುಹಿಯುದ್ದೀನ್, ಬಜ್ಪೆಯವರು. ಅವರ ಕೈಯಲ್ಲೂ ಒಂದು ಪಾತ್ರೆ.

"ಬಾಡಿ ಸಿಕ್ಕಿತಾ?" ಎಂದಳು ಜೊವಿಟಾ, ಕನ್ನಡದ ದನಿ ಕೇಳಿದ್ದೇ.

"ಯಾರ ಬಾಡಿ?"

"ಡೆಸ್ಮಂಡಂದು."

"ಯಾ ಅಲ್ಲಾ! ಎಂತ ಮಾತಾಡ್ತೀರಿ ಅಕ್ಕ? ಈಗ ನನ್ನ ಅಂಗಡಿಯಲ್ಲಿ ಚಾ ಕುಡಿದು ಹೋದ್ರಲ್ಲ ಮಾರಾಯ್ರೆ! ಫೋನು ನೀರಿಗೆ ಬಿದ್ದಿದೆ, ಅಷ್ಟೇ. ಮೈಯೆಲ್ಲ ಲೋಳೆ ಅಂತ ಪ್ಲಾಂಟಿನಲ್ಲಿ ಸ್ನಾನ ಮಾಡ್ಲಿಕ್ಕೆ ಹೋಗಿದ್ದಾರೆ."

ಮುಹಿಯುದ್ದೀನ್ ಹೊಸ್ತಿಲ ಹೊರಗೇ ಕೂತು, ಅವಳು ನೀರು ಕುಡಿಯುವವರೆಗೆ ಕಾದು, ವಿಷಯ ಹೇಳಿದರು. ಬಹಳ ಹಿಂದೆ ಇಲ್ಲಿದ್ದದ್ದು ಒಂದೇ ಮನೆ, ಒಲೆ ಆರಿಸಿದ ಈ ಶಮ್ಸಾ ಅಜ್ಜಿಯ ಗಂಡನ ಮುತ್ತಜ್ಜಿಯದು. ಗಾಳಿಯ ಕಾಲದಲ್ಲಿ ಆಚೆ ದಡದಿಂದ ಹೊರಟ ನಾಲ್ಕಾರು ಕುಟುಂಬ ದೋಣಿ ಒಡೆದು ಇಲ್ಲಿ ಬಂದು ಬಿತ್ತು. ಒಣಗಿದ ಕಡ್ಡಿಯೊಂದೂ ಅವರ ಹತ್ತಿರ ಇರಲಿಲ್ಲ. ಮುತ್ತಜ್ಜಿ ಮೂರು ದಿನ ಅವರಿಗೆ ಅನ್ನ ಹಾಕಿ, ನಾಲ್ಕನೇ ದಿನ ತನ್ನ ಒಲೆಯಿಂದ ಕೆಂಡ ಕೊಟ್ಟಳು. ಅಂದಿನಿಂದ ಹೊಸದಾಗಿ ಸಂಸಾರ ಬಂದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವ ಹಾಗಿಲ್ಲ. ಊಟ ಮುಗಿಯುವವರೆಗೆ ಬಂದವರನ್ನು ಮಾತಾಡಿಸಿ ದಣಿಸುವ ಹಾಗೂ ಇಲ್ಲ. ನಾಲ್ಕನೇ ದಿನ ಬೆಂಕಿ ಬರುತ್ತದೆ.

"ತೂಫಾನ್ ಬಂದು ಹಳೇ ಊರು ಪೂರಾ ಹೋಯ್ತಲ್ಲ, ಆಗ ಸರ್ಕಾರ ಈ ಮನೆ ಕಟ್ಟಿ ಕೊಟ್ಟದ್ದು. ಗ್ಯಾಸ್ ಬಂತು, ಕರೆಂಟ್ ಬಂತು. ಆದ್ರೂ ಅಜ್ಜಿ ಧೂಪದ ಮಣ್ಣಿನ ಪಾತ್ರೆಯಲ್ಲಿ ಕೆಂಡ ಇಟ್ಕೊಂಡು ಪಿಕಪ್ಪಿನಲ್ಲಿ ಮನೆಮನೆಗೆ ಹೋದ್ರು. ನನ್ನ ಅಂಗಡಿಯ ಒಲೆಗೂ ಅದೇ ಬೆಂಕಿ ಅಕ್ಕ."

"ನಾನು ನಾಲ್ಕು ದಿನಕ್ಕೆ ಬಂದವಳು. ನೆಂಟಳು" ಎಂದಳು ಜೊವಿಟಾ.

ಮುಹಿಯುದ್ದೀನ್ ತಲೆ ತುರಿಸಿಕೊಂಡರು. "ನೆಂಟರಿಗೆ ಹೀಗೆ ಮಾಡುದಿಲ್ಲ. ಇದು ಊರಲ್ಲಿ ನಿಲ್ಲಲಿಕ್ಕೆ ಬಂದವರಿಗೆ ಮಾತ್ರ. ಡೆಸ್ಮಂಡ್ ಹಾಗೆ ಹೇಳಿದ್ರಲ್ಲ?"

ಡೆಸ್ಮಂಡ್ ಮನೆಗೆ ಬಂದಾಗ ಪಾತ್ರೆಗಳ ನಡುವೆ ಹೆಂಡತಿ ಒಬ್ಬಳೇ ಕೂತಿದ್ದಳು. ಎದ್ದು ಬಂದವಳು ಅವನ ಎದೆಗೆ ಎರಡು ಗುದ್ದು ಗುದ್ದಿ, ಮೂರನೆಯದಕ್ಕೆ ಕೈ ಬರದೆ ಅಲ್ಲೇ ತಲೆಯಿಟ್ಟಳು. ಆಮೇಲೆ ನೆನಪಾಗಿ ಮತ್ತೊಂದು ಗುದ್ದಿದಳು.

"ಸುಳ್ಳು ಯಾಕೆ ಹೇಳಿದ್ದು?"

"ಅಜ್ಜಿ ಕೇಳಿದ್ರು, ನಿನ್ನ ಹೆಂಡತಿ ಇರ್ಲಿಕ್ಕೆ ಬರ್ತಾಳಾ ಅಂತ. ಮೂರು ವರ್ಷದಿಂದ ಕೇಳ್ತಾ ಇದ್ರು. ಇಲ್ಲ ಅಂತ ಪ್ರತಿ ಸಲ ಹೇಳಿದ್ದೆ. ಈ ಸಲ ಬಾಯಿ ಬರ್ಲಿಲ್ಲ ಜೊವಿ."

ಅವಳಿಗೆ ಬಯ್ಯಲು ಬಹಳ ಮಾತಿತ್ತು. ಆದರೂ ಪಾತ್ರೆಗಳ ಬಟ್ಟೆ ತೆಗೆದು ಅವನಿಗೆ ಬಡಿಸಿದಳು. ಇಬ್ಬರೂ ಕೂತು ಊಟ ಮಾಡಿದರು. ಒಣಗಿಸಿದ ಶಾರ್ಕ್ ಮೀನಿನ ಪಲ್ಯ ಅವಳ ಅಜ್ಜಿ ಮಾಡುತ್ತಿದ್ದುದಕ್ಕಿಂತ ಚೆನ್ನಾಗಿತ್ತು ಎಂಬುದನ್ನು ಅವಳು ಯಾರಿಗೂ ಹೇಳುವ ಹಾಗಿರಲಿಲ್ಲ.

ಮರುದಿನವೂ ಅದರ ಮರುದಿನವೂ ಪಾತ್ರೆಗಳು ಬಂದವು. ಊಟವಾದ ಮೇಲೆ ಹೆಂಗಸರ ಬಾಯಿ ಬಿಚ್ಚಿತು ನೋಡಿ, ಮುಚ್ಚಲೇ ಇಲ್ಲ. ಜೊವಿಟಾಳ ಅರಬ್ಬಿ ಯಲ್ಲಾ, ಖಲಾಸ್ ದಾಟಿ ಮುಂದೆ ಹೋಗದಿದ್ದರೂ ಅವರಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಬಲೆಯ ತೂತು ಹೊಲಿಯುವುದನ್ನು ಕಲಿಸಿದರು. ಅವಳ ಹೊಲಿಗೆ ನೋಡಿ ಹೊಟ್ಟೆ ಹಿಡಿದು ನಕ್ಕರು. ಬೆಳಿಗ್ಗೆಯ ಹೊತ್ತು ಅವಳು ಲ್ಯಾಪ್‌ಟಾಪ್ ತೆರೆದು ಆಫೀಸಿನ ಕೆಲಸ ಮಾಡಿದಳು. ಅಲ್ಲಿ ಯಾರಿಗೂ ಅವಳು ದ್ವೀಪದಲ್ಲಿರುವುದು ಗೊತ್ತೇ ಆಗಲಿಲ್ಲ. ಅವಳು ಹೇಳಿಕೊಳ್ಳುತ್ತಿದ್ದ ದೊಡ್ಡ ಕಾರಣದ ಗತಿ ಹೀಗಾಯಿತು. ದಾರ್ಸೈಟಿನಲ್ಲಿ ತನ್ನ ಮಹಡಿಯಲ್ಲಿದ್ದ ಒಬ್ಬ ಹೆಂಗಸಿನ ಹೆಸರಾದರೂ ತನಗೆ ಗೊತ್ತೇ ಎಂದು ಯೋಚಿಸಿದಳು. ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಡೆಸ್ಮಂಡ್ ಅವಳ ಬ್ಯಾಗನ್ನು ಪಿಕಪ್ಪಿನಲ್ಲಿಟ್ಟು ಬಂದ. ಕ್ಷೌರ ಮಾಡಿಕೊಂಡಿದ್ದ, ಇಸ್ತ್ರಿಯ ಶರ್ಟು ಹಾಕಿದ್ದ.

"ಸೀಬ್‌ಗೆ ಬರ್ತೇನೆ ಅಂತ ಇವತ್ತೇ ಆಫೀಸಿಗೆ ಹೇಳ್ತೇನೆ. ನಿನ್ನನ್ನು ಹಾಗೆ ಅಳಿಸಿ ನನಗೆ ಇನ್ನು ಇಲ್ಲಿ ಇರ್ಲಿಕ್ಕೆ ಮನಸ್ಸಿಲ್ಲ. ಅಜ್ಜಿಗೆ ಸತ್ಯ ಹೇಳಿ, ಕ್ಷಮೆ ಕೇಳಿ ಫೆರಿಗೆ ಹೋಗುವ" ಎಂದ. ದನಿ ಗಟ್ಟಿಯಾಗಿಯೇ ಇತ್ತು. ಮುಖ ಮಾತ್ರ ಹಾಗಿರಲಿಲ್ಲ.

ಅಷ್ಟರಲ್ಲಿ ಬಾಗಿಲು ಬಡಿಯಿತು. ಶಮ್ಸಾ ಅಜ್ಜಿ ಮಣ್ಣಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಗಾಳಿಗೆ ಕೆಂಡ ಹಾರದಂತೆ ಅಬಾಯಾದ ಅಂಚಿನ ಮರೆ ಮಾಡಿಕೊಂಡಿದ್ದಳು. ಪಿಕಪ್ಪಿನಲ್ಲಿದ್ದ ಬ್ಯಾಗು ಅವಳ ಕಣ್ಣಿಗೆ ಬಿದ್ದಿತ್ತು. ಆದರೂ ಏನೂ ಕೇಳದೆ ಹೊಸ್ತಿಲಾಚೆಯೇ ನಿಂತಳು. ಬೇಡವೆಂದರೆ ಬೆಂಕಿಯನ್ನು ಹಾಗೇ ತಿರುಗಿ ಒಯ್ಯುವುದೂ ಕ್ರಮದಲ್ಲೇ ಇತ್ತು.

ಡೆಸ್ಮಂಡ್ ತಲೆ ತಗ್ಗಿಸಿ ಅಜ್ಜಿಯ ಕಡೆ ಹೆಜ್ಜೆಯಿಟ್ಟ. ಜೊವಿಟಾ ಅವನ ಶರ್ಟು ಹಿಡಿದು ಹಿಂದಕ್ಕೆಳೆದಳು. ತಾನೇ ಮುಂದೆ ಹೋಗಿ, ಬಿಸಿಗೆ ಕೈ ಚುರುಗುಟ್ಟಿದರೂ ಪಾತ್ರೆಯನ್ನು ತೆಗೆದುಕೊಂಡಳು. ಅವಳಿಗೆ ಭಯವೂ ಇತ್ತು, ಸಂತೋಷವೂ ಇತ್ತು. ಅಡುಗೆಮನೆಗೆ ನಡೆದು, ಕಾಗದದ ಸುರುಳಿಯನ್ನು ಕೆಂಡಕ್ಕೆ ತಾಗಿಸಿ ಊದಿ, ಗ್ಯಾಸ್ ತಿರುಗಿಸಿ ಒಲೆ ಹಚ್ಚಿದಳು.

ಡೆಸ್ಮಂಡ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ತುಂಬಿತ್ತು.

"ಆಫೀಸಿಗೆ ಫೋನು ಮಾಡಿ, ಸೀಬ್ ಬೇಡ ಅಂತ ಹೇಳು" ಎಂದಳು ಅವಳು, ಅವನ ಕಡೆ ತಿರುಗದೆ. "ಚಾಕ್ಕೆ ನೀರಿಡ್ತಾ ಇದ್ದೇನೆ. ಹೊರಗೆ ಎಷ್ಟು ಜನ ಇದ್ದಾರೆ ನೋಡು."

ಡೆಸ್ಮಂಡ್ ಕಿಟಕಿಯಿಂದ ಬಗ್ಗಿ ನೋಡಿದ.

"ಇಡೀ ಊರೇ ಉಂಟು" ಎಂದ.

ಜೊವಿಟಾ ಚಿಕ್ಕ ಪಾತ್ರೆಯನ್ನು ಇಳಿಸಿ ದೊಡ್ಡದನ್ನು ಇಟ್ಟಳು.